ಬೆಚ್ಚಗಿನ ಮಣ್ಣು

ನಮ್ಮ ಮಗ ದಾನಿಯ ಸಮಾಧಿಯ ಮೇಲೆ ಮೊದಲು ಹಪ್ಪಳ ಒಣಹಾಕಿದವಳು ಎದುರುಮನೆ ಸಾರಮ್ಮ. ಹೇಳಲಿಲ್ಲ, ಕೇಳಲಿಲ್ಲ. ಮಗುವನ್ನು ಮಣ್ಣು ಮಾಡಿ ಇನ್ನೂ ತಿಂಗಳು ತುಂಬಿರಲಿಲ್ಲ. ಮೋಡ ಕವಿದ ದಿನ. ಎಂದಿನಂತೆ ನಾನು ಅಲ್ಲಿಗೆ ಹೋದರೆ ನನ್ನ ಮಗನ ಮೇಲೆ ಹಳೇ ಸೀರೆ ಹಾಸಿ ಸಾಲಾಗಿ ಹಪ್ಪಳ ಇಟ್ಟಿದ್ದಾಳೆ ಪುಣ್ಯಾತ್ಗಿತ್ತಿ. ಮೈಯೆಲ್ಲ ಉರಿದುಹೋಯಿತು. ಇವತ್ತು ಇವಳ ಜನ್ಮ ಜಾಲಾಡಿಸಿಬಿಡಬೇಕು ಅಂತಲೇ ಅವಳ ಮನೆಗೆ ನುಗ್ಗಿದೆ. ಅವಳು ಒಲೆ ಮುಂದಿನಿಂದ ಎದ್ದು ಬಂದವಳೇ, "ನಿಮ್ಮ ಹುಡುಗ ಎಷ್ಟು ಚೆನ್ನಾಗಿ ಬೆಚ್ಚಗಿದ್ದಾನೆ ಕೃಪಕ್ಕ! ನಮ್ಮ ಮಾವನೋರು ನೋಡಿ, ಬರೀ ಉಗುರುಬೆಚ್ಚಗೆ. ಬದುಕಿದ್ದಾಗಲೂ ಹಂಗೇ ಇದ್ರು ಬಿಡಿ" ಅಂದಳು. ಆ ಊರಿನಲ್ಲಿ ಮಗು ಕಳೆದುಕೊಂಡ ತಾಯಿಗೆ ಅದಕ್ಕಿಂತ ದೊಡ್ಡ ಸಮಾಧಾನದ ಮಾತಿಲ್ಲ ಅಂತ ನನಗೆ ಆಗ ಗೊತ್ತಿರಲಿಲ್ಲ. ಆದರೂ ಬಾಯಿಗೆ ಬಂದ ಜಗಳ ಅಲ್ಲೇ ನಿಂತಿತು. ಅವಳ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಅವಳು ಕಾಫಿ ಕೊಟ್ಟಳು, ಒಣಗಿದ ಮೇಲೆ ಅರ್ಧ ಪಾಲು ಹಪ್ಪಳವನ್ನೂ ಕೊಟ್ಟಳು.

ನಾವು ಆ ಊರಿನವರಲ್ಲ. ನನ್ನ ಗಂಡ ಜ್ಞಾನಶೀಲ ಅಲ್ಲಿನ ಕ್ರೈಸ್ತ ದೇವಾಲಯಕ್ಕೆ ಉಪದೇಶಿಯಾಗಿ ಬಂದಾಗ ಜೊತೆಗೆ ಬಂದವರು ನಾನು, ಸೊಂಟದ ಮೇಲಿದ್ದ ಮಗಳು ಲುದ್ಯ, ಮತ್ತೆ ತಾಯಿ ಸತ್ತ ಮೇಲೆ ಇವರನ್ನು ಸಾಕಿ ದೊಡ್ಡವರನ್ನಾಗಿ ಮಾಡಿದ ಚಿಕ್ಕಮ್ಮ ದೊರ್ಕಮ್ಮ, ನನಗೆ ಚಿಕ್ಕತ್ತೆ. ದಾನಿ ಹುಟ್ಟಿದ್ದು ಅಲ್ಲೇ, ಹೋದದ್ದೂ ಅಲ್ಲೇ. ಊರಿಗೂ ಹೊರಗಿನ ಲೋಕಕ್ಕೂ ನಡುವೆ ಒಂದು ಹೊಳೆ, ಹೊಳೆಗೊಂದು ಉದ್ದನೆಯ ಸೇತುವೆ. ದಂಡೆಯ ಇಳಿಜಾರಿನಲ್ಲಿ ದೇವಾಲಯ, ಅದರ ಸುತ್ತ ಸಮಾಧಿಗಳು. ಅಲ್ಲಿ ಮಣ್ಣಾದವರು, ತಮ್ಮ ರಕ್ತದವರು ಒಬ್ಬರಾದರೂ ಸೇತುವೆಯ ಈಚೆಗಿರುವ ತನಕ ಬೆಚ್ಚಗಿರುತ್ತಾರೆ. ಕೊನೆಯವರು ಸೇತುವೆ ದಾಟಿದರೆ ತಣ್ಣಗಾಗುತ್ತಾರೆ. ಒಂದೆರಡು ದಿನಕ್ಕೆ ಹೋಗಿಬಂದರೆ ನಿಧಾನಕ್ಕೆ ಮತ್ತೆ ಕಾವು ಏರುತ್ತದೆ. ನಡುವೆ ಒಂದು ಮಳೆಗಾಲ ಕಳೆದುಹೋಯಿತೋ, ಮುಗಿಯಿತು, ಆಮೇಲೆ ಬಂದು ಅದರ ಮೇಲೇ ಹೊರಳಾಡಿದರೂ ಇಲ್ಲ. ಕಟ್ಟಿಕೊಂಡವರು ಲೆಕ್ಕಕ್ಕಿಲ್ಲ, ರಕ್ತವೇ ಆಗಬೇಕು. "ಗಂಡ ಸತ್ತರೆ ಮಕ್ಕಳನ್ನ ಬಿಟ್ಟು ನಾನು ಆರಾಮಾಗಿ ತವರಿಗೆ ಹೋಗಬಹುದು, ಅದೊಂದು ಅನುಕೂಲ" ಅಂತ ಸಾರಮ್ಮ ಗಂಡನ ಮುಂದೆಯೇ ನಗುತ್ತಿದ್ದಳು.

ಯಾಕೆ ಹೀಗೆ ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಚಳಿಗಾಲದಲ್ಲಿ ಮೊಸರು ಹೆಪ್ಪಾಗದಿದ್ದರೆ ಗಡಿಗೆಯನ್ನು ಒಯ್ದು ಅಜ್ಜಿಯ ಪಕ್ಕ ಇಟ್ಟು ಬರುತ್ತಿದ್ದರು. ಮಂಡಿನೋವಿನ ಮುದುಕರು ಸಂಜೆ ಹೊತ್ತು ತಮ್ಮ ತಮ್ಮ ಅಪ್ಪಂದಿರ ಮೇಲೆ ಕಾಲು ಚಾಚಿ ಕೂತು ಹರಟೆ ಹೊಡೆಯುತ್ತಿದ್ದರು. ಹೊರಗೆಲ್ಲಾದರೂ ಮದುವೆಗೆ ಹೋಗಬೇಕಾದರೆ ಮನೆಯಲ್ಲಿ ಒಬ್ಬರು ಉಳಿಯಲೇಬೇಕು, ಅವರಿಗೆ ಮಣ್ಣು ಕಾಯುವವರು ಅಂತ ಹೆಸರು. ಯಾರು ಉಳಿಯಬೇಕು ಅನ್ನುವುದರ ಮೇಲೆ ಅಣ್ಣತಮ್ಮಂದಿರು ಮಾತು ಬಿಟ್ಟದ್ದೂ ಉಂಟು. ಇನ್ನು ಬೆಕ್ಕುಗಳು. ಊರಿನ ಬೆಕ್ಕುಗಳೆಲ್ಲ ಮಲಗುವುದು ಅಲ್ಲೇ, ಒಂದೊಂದಕ್ಕೆ ಒಂದೊಂದು ಸಮಾಧಿ. ಮಣ್ಣು ತಣ್ಣಗಾದ ಕ್ಷಣ ಎದ್ದು ಬೇರೆ ಕಡೆ ಹೋಗುತ್ತವೆ. ಯಾವುದಾದರೂ ಮನೆಯವರು ಊರು ಬಿಟ್ಟರೆ "ಅವರ ಬೆಕ್ಕು ಎದ್ದಿತು" ಅನ್ನುತ್ತಿದ್ದರು. ದಾನಿಯ ಮೇಲೆ ಮಲಗುತ್ತಿದ್ದದ್ದು ಒಂದು ಕಿವಿ ಹರಿದ ಕೆಂಚು ಬೆಕ್ಕು. ಮೊದಮೊದಲು ಓಡಿಸುತ್ತಿದ್ದೆ. ಆಮೇಲೆ ಅದಕ್ಕೆ ಮೀನಿನ ತಲೆ ತೆಗೆದಿಡುವುದು ರೂಢಿಯಾಯಿತು.

ಏಳು ವರ್ಷದ ಹುಡುಗ. ಜ್ವರ ಬಂತು, ಇಳಿಯಲಿಲ್ಲ. ಹಣೆಗೆ ಒದ್ದೆಬಟ್ಟೆ ಹಾಕಿ ಹಾಕಿ ಇವರ ಬೆರಳುಗಳೆಲ್ಲ ನೆನೆದು ಸುಕ್ಕುಗಟ್ಟಿದ್ದವು. ಅದಕ್ಕಿಂತ ಹೆಚ್ಚು ಆ ದಿನಗಳ ಬಗ್ಗೆ ನಾನು ಹೇಳಲಾರೆ. ನನಗೆ ನೆನಪಿಟ್ಟುಕೊಳ್ಳಬೇಕು ಅನ್ನಿಸುವುದು ಅದಕ್ಕೆ ಹಿಂದಿನದು. ಅಂಗಿ ಮೇಲೆ ಸರಿದು, ಹೊಟ್ಟೆ ಬಿಟ್ಟುಕೊಂಡು, ಕೈಕಾಲು ನಾಲ್ಕು ದಿಕ್ಕಿಗೆ ಎಸೆದು ಮಲಗುತ್ತಿದ್ದ. ಹೊದಿಕೆ ಎಳೆಯುವ ಮುಂಚೆ ಆ ಹೊಟ್ಟೆಯ ಮೇಲೆ ಒಂದು ಗಳಿಗೆ ಕೈ ಇಡುತ್ತಿದ್ದೆ. ಆಗಷ್ಟೇ ತೆಗೆದ ರೊಟ್ಟಿಯ ಹಾಗಿರುತ್ತಿತ್ತು. ಸಮಾಧಿಯ ನಟ್ಟನಡುವೆ ಕೈ ಇಟ್ಟರೆ ಅದೇ ಬಿಸುಪು. ಹಾಗಾಗಿ ನನ್ನ ಮಗ ಸತ್ತ ಅಂತ ನನಗೆ ಪೂರ್ತಿ ಅನ್ನಿಸಿಯೇ ಇರಲಿಲ್ಲ. ಮಲಗಿದ್ದಾನೆ, ಅಷ್ಟೇ. ಇದು ತಪ್ಪು, ನಮ್ಮ ನಂಬಿಕೆಗೆ ಒಪ್ಪುವಂಥದ್ದಲ್ಲ ಅಂತ ಗೊತ್ತಿತ್ತು. ಗೊತ್ತಿದ್ದರೆ ಏನಾಯಿತು, ಕೈಗೆ ಯಾರು ಹೇಳುವವರು?

ಹೀಗಿರುವಾಗ ಇವರು ಒಂದು ದಿನ ಸಭೆಯ ಹಿರಿಯರ ಕೂಟ ಮುಗಿಸಿ ಬಂದು, "ನಮಗೆ ಕರೆ ಬಂದಿದೆ ಕೃಪಾ" ಅಂದರು. ಸಮುದ್ರದಾಚೆ ಒಂದು ದ್ವೀಪವಂತೆ. ಕ್ರಿಸ್ತನ ಹೆಸರು ಕೇಳದ ಜನವಂತೆ. ಒಂಟಿಯಾಗಿ ಕಳಿಸುವುದಿಲ್ಲ, ಸಂಸಾರ ಸಮೇತ ಹೋಗಬೇಕು. ಹೋದರೆ ಹತ್ತಾರು ವರ್ಷ. ನಾನು ಸಾರಿಗೆ ಉಪ್ಪು ಹಾಕುತ್ತಿದ್ದವಳು ಇನ್ನೊಂದು ಸಲ ಹಾಕಿದೆ. ಬಾಯಿಂದ ಬಂದದ್ದು ಒಂದೇ ಮಾತು, "ದಾನಿ?"

"ಚಿಕ್ಕಮ್ಮ ಇರ್ತಾಳಲ್ಲ" ಅಂದರು, ನನ್ನ ಮುಖ ನೋಡದೆ.

ಅದಕ್ಕೆ ಕಾದಿದ್ದವರ ಹಾಗೆ ಚಿಕ್ಕತ್ತೆ ನಡುಮನೆಯಿಂದಲೇ ಕೂಗಿದರು. "ನಾನಿಲ್ವೇನೇ? ಇವನ ಅಮ್ಮನ ಬೆನ್ನಿಗೆ ಬಿದ್ದೋಳು ನಾನು. ಅವಳ ಮೊಮ್ಮಗನಿಗೆ ನನ್ನ ರಕ್ತ ಸಾಲದಾ? ನೀವು ದೇವರ ಕೆಲಸಕ್ಕೆ ಹೋಗಿ, ಮಣ್ಣು ನಾನು ಕಾಯ್ತೀನಿ. ಇನ್ನೂ ಗಟ್ಟಿಮುಟ್ಟಾಗಿದ್ದೀನಿ, ನನಗೇನು ಧಾಡಿ?"

ಮದುವೆ ಮಾಡಿಕೊಳ್ಳದೆ ಇವರಿಗಾಗಿ ಜೀವ ಸವೆಸಿದ ಹೆಂಗಸು. ಬಾಯಿ ಮಾತ್ರ ಒರಟು. ನಾನು ಒಪ್ಪಲಿಲ್ಲ, ಒಪ್ಪುವುದಿಲ್ಲ ಅಂತಲೂ ಹೇಳಲಿಲ್ಲ. ಮನೆಯಲ್ಲಿ ಪ್ರಯಾಣದ ಸಡಗರ ತಾನಾಗಿಯೇ ಶುರುವಾಯಿತು. ದೇವಾಲಯದ ಹೆಂಗಸರು ಉಣ್ಣೆ ತಂದು ಸ್ವೆಟರ್ ಹೆಣೆಯತೊಡಗಿದರು, ಅಲ್ಲಿ ವಿಪರೀತ ಚಳಿಯಂತೆ. ಪಾದ್ರಿ ಅಯ್ಯನವರು ಭಾನುವಾರದ ಪ್ರಸಂಗದಲ್ಲಿ ನಮ್ಮ ಹೆಸರು ಹೇಳಿದರು, ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಎಂಥ ಭಾಗ್ಯ ನಿಮ್ಮದು ಅಂತ ಕೈ ಹಿಡಿದುಕೊಂಡು ಕಣ್ಣೀರು ಹಾಕಿದವರಿಗೆ ಲೆಕ್ಕವಿಲ್ಲ. ನಾನು "ದೇವರಿಗೆ ಸ್ತೋತ್ರ, ದೇವರಿಗೆ ಸ್ತೋತ್ರ" ಅನ್ನುತ್ತಿದ್ದೆ. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅಳುತ್ತಿದ್ದೆ.

ಊರು ಬಿಡುವವರು ಹೊರಡುವ ಮುಂಚೆ ಒಂದು ರಾತ್ರಿ ಆಚೆ ಮಲಗಿ ನೋಡಬೇಕು. ಅದು ಅಲ್ಲಿನ ಪದ್ಧತಿ. ಮಣ್ಣು ಕಾಯುವವರನ್ನು ಈಚೆ ಬಿಟ್ಟು ಉಳಿದವರೆಲ್ಲ ಸೇತುವೆ ದಾಟುತ್ತಾರೆ. ಬೆಳಿಗ್ಗೆ ಬಂದಾಗ ಸಮಾಧಿ ಬೆಚ್ಚಗಿದ್ದರೆ ನಿಶ್ಚಿಂತೆಯಿಂದ ಹೋಗಬಹುದು. ನಾವೂ ಆಚೆ ದಡದ ಸಭೆಯವರೊಬ್ಬರ ಮನೆಯಲ್ಲಿ ಮಲಗಿದೆವು. ಬೆಳಕು ಹರಿಯುವುದನ್ನೇ ಕಾಯುತ್ತಿದ್ದ ನಾನು ಕಾಫಿಗೂ ನಿಲ್ಲದೆ ಸೇತುವೆ ದಾಟಿ ಓಡಿದೆ. ಓಡಿಬಂದು ಮೊದಲು ಸಿಕ್ಕ ತಲೆಯ ಕಡೆ ಕೈ ಇಟ್ಟರೆ, ಬಿಸಿ! "ಬೆಚ್ಚಗಿದ್ದಾನೆ ಕಣ್ರೀ, ಬೆಚ್ಚಗಿದ್ದಾನೆ!" ಅಂತ ಕೂಗಿಕೊಂಡೆ. ಚಿಕ್ಕತ್ತೆ ಸೆರಗಲ್ಲಿ ಕೈ ಮುಚ್ಚಿಕೊಂಡು ಪಕ್ಕದಲ್ಲೇ ನಿಂತಿದ್ದರು. "ನಾನು ಹೇಳಿರಲಿಲ್ವಾ?" ಅಂದರು. ಇವರು ಗೇಟಿನ ಹತ್ತಿರ ಬಂದು ನಿಂತವರು ಒಳಗೆ ಬರಲೇ ಇಲ್ಲ. ಮುಖ ಬಿಳಿಚಿಕೊಂಡಿತ್ತು. ರಾತ್ರಿ ನಿದ್ದೆಗೆಟ್ಟಿದ್ದಾರೆ ಅಂದುಕೊಂಡೆ.

ಸಂತೋಷಕ್ಕೆ ಒಂದು ದಿನದ ಆಯುಸ್ಸೂ ಇರಲಿಲ್ಲ. ಅವತ್ತು ಮಧ್ಯಾಹ್ನವೇ ಮೀನಿನ ತಲೆ ಹಿಡಿದು ಹೋದರೆ ಕೆಂಚು ಬೆಕ್ಕು ಗೋಡೆಯ ಮೇಲೆ ಕೂತಿತ್ತು. ಕರೆದರೆ ಇಳಿಯಲಿಲ್ಲ. ಮತ್ತೆ ಕೈ ಇಟ್ಟು ನೋಡಿದೆ. ನಡುವಿನಲ್ಲಿ, ನನ್ನ ದಾನಿಯ ಹೊಟ್ಟೆ ಇರುವಲ್ಲಿ, ಈಗಷ್ಟೇ ಕಾವು ಏರುತ್ತಿದೆಯೇನೋ ಅನ್ನುವಷ್ಟು ಮಂದ. ತಲೆಯ ಕಡೆ ಮಾತ್ರ ಚುರುಗುಟ್ಟುವ ಹಾಗೆ ಬಿಸಿ. ಬೆರಳಿನಿಂದ ಮಣ್ಣು ಕೆದಕಿದೆ. ಅರ್ಧ ಉರಿದ ತೆಂಗಿನ ಕರಟದ ಚೂರು ಸಿಕ್ಕಿತು, ಅದರ ಕೆಳಗೆ ಬಿಸಿ ಬೂದಿ.

ಚಿಕ್ಕತ್ತೆ ಅಡುಗೆಮನೆಯಲ್ಲಿ ಪ್ರಯಾಣಕ್ಕೆ ನಿಪ್ಪಟ್ಟು ತಟ್ಟುತ್ತಿದ್ದರು. "ಕೈ ತೋರ್ಸಿ" ಅಂದೆ. "ಹಿಟ್ಟಿನ ಕೈ ಕಣೇ" ಅಂದರು. ನಾನೇ ಹಿಡಿದು ತಿರುಗಿಸಿದೆ. ಬೆರಳ ತುದಿಗಳಲ್ಲಿ ಬೊಬ್ಬೆ ಎದ್ದಿದ್ದವು. ಕರಟದ ಚೂರನ್ನು ತಟ್ಟೆಯಲ್ಲಿಟ್ಟೆ.

ಆ ಗಟ್ಟಿ ಹೆಂಗಸು ಅಳುವುದನ್ನು ನಾನು ಕಂಡದ್ದು ಅದೊಂದೇ ಸಲ. "ನಾನು ನಿನ್ನ ಅತ್ತೆಯ ಒಡಹುಟ್ಟಿದೋಳಲ್ಲ ಕಣೇ ಕೃಪಾ. ಕಾಲರಾ ಬಂದ ವರ್ಷ ಮಿಷನ್ ಬಂಗಲೆ ಮೆಟ್ಟಿಲ ಮೇಲೆ ಯಾರೋ ಬಿಟ್ಟುಹೋದ ಕೂಸು. ಅವಳ ಅಪ್ಪ ಅಮ್ಮ ತಂದು ಅವಳ ಜೊತೆಗೇ ಹಾಲು ಕೊಟ್ಟು ಬೆಳೆಸಿದ್ರು. ಯಾರಿಗೂ ಗೊತ್ತಿಲ್ಲ, ನಿನ್ನ ಗಂಡ ಜ್ಞಾನಿಗೂ ಗೊತ್ತಿಲ್ಲ. ಒಂದು ವೇಳೆ ಹಾಲಿನ ಋಣಕ್ಕಾದ್ರೂ ಬೆಚ್ಚಗಿರ್ತಾನೇನೋ ಅಂತ ನೀವು ಸೇತುವೆ ದಾಟೋದನ್ನೇ ನೋಡ್ತಾ ಕೂತಿದ್ದೆ. ನೀವು ದಾಟಿದ್ರಿ, ಬೆಕ್ಕು ಎದ್ದು ಮೈ ಮುರೀತು, ಹೋಯ್ತು. ನಾನೇನು ಮಾಡ್ಲಿ ಹೇಳು. ನನ್ನ ಮಗನಿಗೆ ಬಂದ ಕರೆ ನನ್ನಿಂದ ನಿಲ್ಲಬೇಕಾ? ದಿನಾ ಕೆಂಡ ಹಾಕ್ತೀನಿ ಕಣೇ. ನನ್ನ ಉಸಿರಿರೋವರೆಗೂ ಅವನು ತಣ್ಣಗಾಗೋಕೆ ಬಿಡೋದಿಲ್ಲ."

ಬೈಯಬೇಕು ಅಂದುಕೊಂಡು ಹೋದವಳು ಅವರ ಕೈಗೆ ಬೆಣ್ಣೆ ಹಚ್ಚಿ ಬಂದೆ. ಹಿತ್ತಲಲ್ಲಿ ಲುದ್ಯ ತನ್ನ ಲಂಗಗಳನ್ನು ಮಡಚುತ್ತಿದ್ದಳು. ಹನ್ನೆರಡು ತುಂಬಿದ ಹುಡುಗಿ. ಅವಳನ್ನು ನೋಡುತ್ತಾ ನಿಂತೆ. ಇವಳು ದಾನಿಯ ಒಡಹುಟ್ಟಿದವಳು, ಇವಳನ್ನು ಚಿಕ್ಕತ್ತೆಯ ಹತ್ತಿರ ಬಿಟ್ಟರೆ ಸಾಕು, ಅನ್ನುವ ಲೆಕ್ಕ ನನ್ನ ತಲೆಯಲ್ಲಿ ಓಡಿತು. ಅದು ನನ್ನ ಮುಖದಲ್ಲಿ ಕಂಡಿತೋ, ಅಡುಗೆಮನೆಯ ಮಾತು ಅವಳ ಕಿವಿಗೆ ಬಿದ್ದಿತ್ತೋ. "ಅಮ್ಮಾ, ನಾನು ಉಳ್ಕೊಳ್ಲಾ?" ಅಂದಳು. ಮಡಚಿದ ಲಂಗ ಎದೆಗೆ ಒತ್ತಿಕೊಂಡಿದ್ದಳು. ಸತ್ತ ಮಗುವಿಗಾಗಿ ಬದುಕಿರುವ ಮಗುವನ್ನು ಅಳತೆ ಮಾಡುತ್ತಾ ನಿಂತ ತಾಯಿ ನಾನು. ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. "ಹುಚ್ಚಿ, ಸುಮ್ನಿರು" ಅಂತ ಅವಳ ತಲೆಯನ್ನು ಎಳೆದು ಹೊಟ್ಟೆಗೆ ಒತ್ತಿಕೊಂಡೆ.

ಉಳಿದದ್ದು ಒಂದೇ ದಾರಿ, ಹೋಗುವುದನ್ನೇ ನಿಲ್ಲಿಸುವುದು. ಇವರು ಅಂಗಳದಲ್ಲಿ ಟ್ರಂಕಿನ ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ಹೆಸರು ಬರೆಯುತ್ತಿದ್ದರು. ಎದುರಿಗೆ ಹೋಗಿ ನಿಂತು, "ಚಿಕ್ಕತ್ತೆ ನಿಮ್ಮ ರಕ್ತ ಅಲ್ಲ" ಅಂದೆ.

"ಗೊತ್ತು" ಅಂದರು. ಕುಂಚ ನಿಲ್ಲಲಿಲ್ಲ.

"ಏನು ಗೊತ್ತು?"

"ಅಮ್ಮ ಸಾಯೋ ಮುಂಚೆ ಹೇಳಿದ್ಲು. ನನಗೆ ಗೊತ್ತಿದೆ ಅನ್ನೋದು ಚಿಕ್ಕಮ್ಮನಿಗೆ ಗೊತ್ತಿಲ್ಲ. ಗೊತ್ತಾಗಬಾರದು."

"ಗೊತ್ತಿದ್ದೂ ನನ್ನನ್ನ ಆಚೆ ಕರ್ಕೊಂಡುಹೋಗಿ ಮಲಗಿಸಿದ್ರಾ? ಗೊತ್ತಿದ್ದೂ ಟ್ರಂಕು ತುಂಬ್ತಾ ಇದ್ದೀರಾ? ನೀವು ಮನುಷ್ಯರೇನ್ರೀ?"

"ಮಣ್ಣು ಕೃಪಾ ಅದು. ದಾನಿ ಕರ್ತನ ಹತ್ರ ಇದ್ದಾನೆ."

"ಅದನ್ನ ಪ್ರಸಂಗದಲ್ಲಿ ಹೇಳಿ, ಜನ ಕೇಳ್ತಾರೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ನೀವು ಎಲ್ಲಿಗೆ ಹೋಗ್ತೀರಿ ಅಂತ ನನಗೆ ಗೊತ್ತಿಲ್ವಾ? ಬರೀ ಮಣ್ಣಾದ್ರೆ ಅದರ ಮೇಲೆ ಕೈ ಇಟ್ಕೊಂಡು ಯಾಕೆ ಕೂರ್ತೀರಿ?"

ಅವರು ಕುಂಚ ಕೆಳಗಿಟ್ಟರು. "ಇಳಿದಿದೆಯಾ ಅಂತ ನೋಡೋಕೆ" ಅಂದರು.

"ಏನು?"

"ಜ್ವರ."

ಆಮೇಲೆ ಅವರು ತಲೆ ತಗ್ಗಿಸಿಕೊಂಡೇ ಹೇಳಿದರು. "ನಿನಗೆ ಅವನು ಮಲಗಿದ್ದಾನೆ ಅನ್ಸುತ್ತೆ, ನಿನ್ನ ಮುಖ ನೋಡಿದ್ರೇ ತಿಳಿಯುತ್ತೆ. ಅದಕ್ಕೇ ಇಷ್ಟು ದಿನ ಬಾಯಿ ಬಿಡಲಿಲ್ಲ. ನನ್ನ ಕೈಗೆ ಅದು ಅದೇ ಜ್ವರ ಕೃಪಾ. ಅವತ್ತು ಇದ್ದಷ್ಟೇ. ಸತ್ತ ಮೇಲೂ ನನ್ನ ಮಗನಿಗೆ ಜ್ವರ ಬಿಟ್ಟಿಲ್ಲ. ಇವತ್ತಾದ್ರೂ ಇಳಿದಿರುತ್ತೆ ಅಂತ ದಿನಾ ಹೋಗ್ತೀನಿ. ಇಳಿದಿರಲ್ಲ. ಕರೆ ಬಂತು ಅಂದ್ನಲ್ಲ, ಸುಳ್ಳು. ಸಮುದ್ರದಾಚೆಗೆ ಯಾರು ಹೋಗ್ತೀರಿ ಅಂತ ಕೇಳಿದ್ರು, ನಾನೇ ಕೈ ಎತ್ತಿದೆ. ಸುವಾರ್ತೆಗೆ ಅಂತ ಎತ್ತಲಿಲ್ಲ, ದೇವರು ನನ್ನನ್ನ ಕ್ಷಮಿಸ್ಲಿ. ಅವನ ಮೈ ತಣ್ಣಗಾಗಲಿ ಅಂತ ಎತ್ತಿದೆ. ಇವತ್ತು ಬೆಳಿಗ್ಗೆ ನೀನು ಬಿಸಿ ಇದೆ ಅಂತ ಕೂಗಿದಾಗ ನನ್ನ ಜೀವವೇ ಹೋಯ್ತು. ಊರು ಬಿಟ್ಟರೂ ಇಳೀಲಿಲ್ವಲ್ಲ, ಇನ್ನು ಎಲ್ಲಿಗೆ ಹೋಗ್ಲಿ ಅಂತ."

"ಅದು ಕೆಂಡ" ಅಂದೆ. ಹೇಳಬಾರದಿತ್ತೋ ಏನೋ, ಬಾಯಿಂದ ಬಿದ್ದುಹೋಯಿತು. "ಚಿಕ್ಕತ್ತೆ ಕರಟದ ಕೆಂಡ ಹೂತಿದ್ರು. ನಿನ್ನೆ ರಾತ್ರಿ ಅವನು ತಣ್ಣಗಾಗಿದ್ದ."

ಅವರು ತಲೆಯೆತ್ತಿ ನೋಡಿದರು. ಆ ಮುಖವನ್ನು ನಾನು ಸಾಯುವ ತನಕ ಮರೆಯಲಾರೆ. ನನ್ನ ಎದೆ ಒಡೆದ ಸುದ್ದಿ ಕೇಳಿ ಅವರ ಮುಖ ಬಿಚ್ಚಿಕೊಂಡಿತು. "ತಣ್ಣಗಾಗಿದ್ನಾ?" ಅಂದರು. "ನಿಜವಾಗ್ಲೂ?" ಎರಡು ಕೈಯಲ್ಲೂ ಬಿಳಿ ಬಣ್ಣ ಮೆತ್ತಿತ್ತು, ಅದೇ ಕೈಯಲ್ಲಿ ಮುಖ ಮುಚ್ಚಿಕೊಂಡು ಮಗುವಿನ ಹಾಗೆ ಬಿಕ್ಕಿದರು. ಒಂದೇ ಮಗು, ಒಂದೇ ಮಣ್ಣು, ಅದರ ಮೇಲೆ ಇಬ್ಬರೂ ದಿನಾ ಕೈ ಇಡುತ್ತಿದ್ದೆವು. ನಾನು ಅಲ್ಲಿಂದ ಜೀವ ಹಿಡಿದುಕೊಂಡು ಬರುತ್ತಿದ್ದೆ, ಇವರು ಕಳೆದುಕೊಂಡು ಬರುತ್ತಿದ್ದರು. ಸೆರಗಿನಿಂದ ಅವರ ಮುಖದ ಬಣ್ಣ ಒರೆಸಿದೆ. "ಹೋಗೋಣ" ಅಂದೆ. ಅದನ್ನು ಹೇಳಿದವಳು ನಾನೇ, ಯಾರೂ ಬಲವಂತ ಮಾಡಲಿಲ್ಲ. ಅಷ್ಟಕ್ಕೇ ನನ್ನ ಪಾಲಿಗೆ ಎಲ್ಲ ಮುಗಿದುಹೋಯಿತು. ಆಮೇಲೆ ನಡೆದದ್ದೆಲ್ಲ ಬರೀ ಸಾಮಾನು ಕಟ್ಟುವ ಕೆಲಸ.

ಚಿಕ್ಕತ್ತೆಗೆ ನಾವು ಇದ್ಯಾವುದನ್ನೂ ಹೇಳಲಿಲ್ಲ. ತಮ್ಮ ಜ್ಞಾನಿಗೆ ಅವರು ಚಿಕ್ಕಮ್ಮನಾಗಿಯೇ ಇರಬೇಕು, ಅಷ್ಟು ಅವರಿಗೆ ಉಳಿಯಲಿ. ನನ್ನೊಬ್ಬಳನ್ನೇ ಪಕ್ಕಕ್ಕೆ ಕರೆದು, "ಯೋಚನೆ ಮಾಡ್ಬೇಡ, ಕರಟ ಎಲ್ಲ ಕೂಡಿಟ್ಟಿದ್ದೀನಿ, ಸಾರಮ್ಮನೂ ಕೊಡ್ತಾಳೆ" ಅಂತ ಪಿಸುಗುಟ್ಟಿದರು. ನಾನು ತಲೆಯಾಡಿಸಿದೆ.

ಹೊರಡುವ ದಿನ ಬೆಳಿಗ್ಗೆ ಬೀಳ್ಕೊಡುಗೆಯ ಪ್ರಾರ್ಥನೆಗೆ ಊರೇ ಸೇರಿತ್ತು. ಅಯ್ಯನವರು ನಮ್ಮ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ಎಲ್ಲರೂ ಕೀರ್ತನೆ ಹಾಡುತ್ತಿರುವಾಗ ನಾನು ಹಿಂದಿನ ಬಾಗಿಲಿಂದ ಜಾರಿಕೊಂಡು ದಾನಿಯ ಹತ್ತಿರ ಹೋದೆ. ನಮ್ಮ ರಕ್ತ ಇನ್ನೂ ಈಚೆಗಿತ್ತು, ಅವನು ಚೆನ್ನಾಗಿ ಬೆಚ್ಚಗಿದ್ದ. ಕೆಂಚು ಬೆಕ್ಕು ಸುರುಳಿ ಸುತ್ತಿ ಮಲಗಿತ್ತು. ಅದನ್ನು ಮೆಲ್ಲಗೆ ಸರಿಸಿ ನಡುವಿನಲ್ಲಿ ಕೈ ಇಟ್ಟೆ. ಮೊದಲ ಸಲ ಅದು ನನಗೂ ಜ್ವರದ ಹಾಗೆ ಅನ್ನಿಸಿತು. ಬೇಡ, ಬೇಡ ಅಂತ ಕೈ ಕಿತ್ತುಕೊಂಡೆ. ಮತ್ತೆ ಇಟ್ಟೆ. ಮಲಗಿದ್ದಾನೋ ನರಳುತ್ತಿದ್ದಾನೋ ನನಗೆ ಗೊತ್ತಾಗಲಿಲ್ಲ. ಅದನ್ನೂ ಕಳೆದುಕೊಂಡೇ ಹೊರಟೆ. "ಹೋಗ್ಬರ್ತೀನಿ ಕಂದಾ" ಅಂತ ಹೇಳಲಿಲ್ಲ. ಹೋಗುವುದು ನಿಜ, ಬರುವುದು ಸುಳ್ಳು, ಮಗುವಿಗೆ ಸುಳ್ಳು ಹೇಳುವುದು ಹೇಗೆ?

ಸೇತುವೆಯ ಬಾಯಿಯ ತನಕ ಎಲ್ಲರೂ ಬಂದರು, ಚಿಕ್ಕತ್ತೆಯನ್ನು ಬಿಟ್ಟು. ಅವರು ಸಮಾಧಿಯ ಹತ್ತಿರವೇ ಇರುತ್ತೇನೆ ಅಂದರು. ಟ್ರಂಕುಗಳನ್ನು ಹೊತ್ತವರು ಮುಂದೆ ಹೋದರು, ಅವರ ಹಿಂದೆ ಇವರು, ಇವರ ಕೈ ಹಿಡಿದುಕೊಂಡು ಲುದ್ಯ. ನಾನು ಕೊನೆ. ಹಿಂತಿರುಗಿ ನೋಡಿದ್ದಕ್ಕೆ ಬೈಬಲಿನ ಲೋಟನ ಹೆಂಡತಿ ಉಪ್ಪಿನ ಕಂಬವಾದದ್ದನ್ನು ಸಣ್ಣವಳಿದ್ದಾಗಿನಿಂದ ಕೇಳಿದ್ದೇನೆ. ನಾನೂ ಆದರೆ ಆಗಲಿ ಅಂದುಕೊಂಡು, ಆಚೆ ದಡಕ್ಕೆ ಕಾಲಿಟ್ಟವಳೇ ತಿರುಗಿದೆ.

ಇಳಿಜಾರು ಪೂರ್ತಿ ಕಾಣುತ್ತಿತ್ತು. ದಾನಿಯ ಮೇಲೆ ಕೆಂಚು ಬೆಕ್ಕು ಎದ್ದು ನಿಂತಿತ್ತು. ಬೆನ್ನು ಬಾಗಿಸಿ ಮೈ ಮುರಿಯಿತು. ಕೆಳಗಿಳಿದು ಪಕ್ಕದ ಸಮಾಧಿಯ ಕಡೆ ನಡೆಯಿತು. ಅಷ್ಟರಲ್ಲಿ ಚಿಕ್ಕತ್ತೆ ಓಡಿಬಂದು ಅದನ್ನು ಎತ್ತಿಕೊಂಡರು. ವಾಪಸು ತಂದು ಮಣ್ಣಿನ ಮೇಲೆ ಕೂರಿಸಿದರು. ಅದು ಎದ್ದಿತು. ಮತ್ತೆ ಕೂರಿಸಿದರು. ಮತ್ತೆ ಎದ್ದಿತು. ಕೊನೆಗೆ ಮಂಡಿಯೂರಿ ಕೂತು, ಸುಟ್ಟ ಎರಡೂ ಕೈಗಳಿಂದ ಅದನ್ನು ಮಣ್ಣಿಗೆ ಅದುಮಿ ಹಿಡಿದುಕೊಂಡರು. ಬೆಕ್ಕು ಒದ್ದಾಡುತ್ತಿತ್ತು, ಪರಚುತ್ತಿತ್ತು. ಅವರು ಬಿಡಲಿಲ್ಲ. ಮುಖವೆತ್ತಿ ಸೇತುವೆಯ ಕಡೆಗೆ, ನನ್ನ ಕಡೆಗೆ ನೋಡುತ್ತಿದ್ದರು.

ಇವರು ತಿರುಗಲಿಲ್ಲ. ನನಗೆ ಬೆನ್ನು ಮಾಡಿಕೊಂಡೇ ಸಣ್ಣ ದನಿಯಲ್ಲಿ ಕೇಳಿದರು, "ಇಳೀತಾ ಕೃಪಾ?"

"ಇಳೀತು ಕಣ್ರೀ" ಅಂದೆ.

ಆಮೇಲೆ ಚಿಕ್ಕತ್ತೆಗೆ ಕಾಣುವ ಹಾಗೆ ಕೈಯೆತ್ತಿ ಬೀಸಿದೆ. ಹೊಳೆಯ ಸದ್ದಿನ ಮೇಲೆ, ಗಂಟಲು ಹರಿಯುವ ಹಾಗೆ ಕೂಗಿದೆ: "ಕಾಣಿಸ್ತು ಚಿಕ್ಕತ್ತೇ! ಮಲಗಿದೆ, ಮಲಗಿದೆ!"